ಹುಣಸೆಹಣ್ಣು ಹಚ್ಚುವ ಮೊದಲು

ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಸ್ಟೀಲ್ ಪಾತ್ರೆ ತರುವುದು ನಮ್ಮ ಕಡೆ ಬಹುಕಾಲದಿಂದ ನಡೆದುಬಂದ ವ್ಯವಹಾರ. ಅಂಗಡಿಯವರು ಹಂಡೆಯನ್ನು ತಕ್ಕಡಿಗಿಟ್ಟು, ಸವಕಳಿ ಕಳೆದು, ಚೀಟಿ ಬರೆಯುತ್ತಾರೆ. ಹಂಡೆಯ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿಗೆ ಬೆಲೆ ಕಟ್ಟುವ ತಕ್ಕಡಿ ಅಲ್ಲಿರುವುದಿಲ್ಲ. ಮಾರುವವರೂ ಅದನ್ನು ಓದಿರುವುದಿಲ್ಲ, ಕೊಳ್ಳುವವರೂ ಓದುವುದಿಲ್ಲ. ಆ ಹಂಡೆ ಯಾರ ಮದುವೆಯಲ್ಲಿ ಯಾರ ಮನೆಯಿಂದ ಬಂತು ಎಂಬುದಕ್ಕೆ ಇದ್ದ ಲಿಖಿತ ಸಾಕ್ಷಿ ಅದೊಂದೇ. ಅದು ಹಾಗೇ ಕುಲುಮೆಗೆ ಹೋಗುತ್ತದೆ.

ಹಾಸನದ ಪಕ್ಕದ ಬೂವನಹಳ್ಳಿ ಎಂದರೆ ಈಗ ಹೊರಗಿನವರಿಗೆ ಹೊಳೆಯುವುದು ವಿಮಾನ ನಿಲ್ದಾಣ. ಆ ಸುತ್ತಿನ ಹಳ್ಳಿಗಳಲ್ಲಷ್ಟೇ ಅಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೂ ತೊಟ್ಟಿಮನೆಗಳು ಇಳಿಯುತ್ತಿವೆ, ಆರ್‌ಸಿಸಿ ಮನೆಗಳು ಏಳುತ್ತಿವೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಹೊಸ ಮನೆಗೆ ಅಟ್ಟವೇ ಇರುವುದಿಲ್ಲ. ಅಟ್ಟದ ಮೇಲಿದ್ದ ಕೊಳದಪ್ಪಲೆ, ಗಂಗಾಳ, ಕಾಶಿಯಿಂದ ತಂದು ಬೆಸೆದಿಟ್ಟ ಗಂಗೆಯ ಗಿಂಡಿ, ಗಾಜು ಒಡೆದ ಫೋಟೋ, ಕೀಲು ಕಳಚಿದ ಸಂದೂಕ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಅಂಗಳಕ್ಕೆ ಬರುತ್ತವೆ. ಸಂಜೆಯ ಹೊತ್ತಿಗೆ ಗುಜರಿಯವನ ಗಾಡಿಯೂ ಬಂದಿರುತ್ತದೆ. ಈ ಬರಹ ಆ ಮಧ್ಯಾಹ್ನ ಅಂಗಳದಲ್ಲಿ ನಿಂತವರಿಗೆ.

ಮನೆಯ ಎಲ್ಲ ಹಳೆ ಸಾಮಾನನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹಂಡೆ ಇಟ್ಟುಕೊಂಡು ಯಾರು ಏನು ಮಾಡಬೇಕು? ಮಾರಲೇಬೇಕಾದರೆ ಮಾರಿ. ಆದರೆ ವಸ್ತು ಹೋದರೂ ಅದರ ಸಂಗತಿ ಉಳಿಯುವ ಹಾಗೆ ಮಾಡಬಹುದು. ಅದಕ್ಕೆ ಬೇಕಿರುವುದು ಕೈಯಲ್ಲಿರುವ ಫೋನು, ಒಂದು ಟಾರ್ಚು ಮತ್ತು ಕೆಲಸದ ಸರಿಯಾದ ಕ್ರಮ.

ಮೊದಲು ತೊಳೆಯಬೇಡಿ

ಹಳೆಯ ಪಾತ್ರೆ ಕೈಗೆ ಬಂದೊಡನೆ ನಮಗೆ ತೋಚುವುದು ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಇಲ್ಲವೇ ಅಂಗಡಿಯ ಪಾತ್ರೆಪುಡಿ. ಹುಣಸೆಯ ಹುಳಿ ತಾಮ್ರ, ಹಿತ್ತಾಳೆಯ ಮೇಲಿನ ಕಪ್ಪು ಪದರವನ್ನು ಕರಗಿಸುವುದರಿಂದಲೇ ಪಾತ್ರೆ ಫಳಫಳ ಹೊಳೆಯುವುದು. ಕೊರೆದ ಚುಕ್ಕಿಗಳ ಒಳಗೆ ಕೂತ ಕಪ್ಪೂ ಅದರೊಂದಿಗೆ ಹೋಗುತ್ತದೆ. ಅಕ್ಷರವನ್ನು ಕಣ್ಣಿಗೆ ಎತ್ತಿ ತೋರಿಸುತ್ತಿದ್ದದ್ದೇ ಆ ಕಪ್ಪು. ಮೇಲಾಗಿ ಬೂದಿ, ಮರಳು, ಇಟ್ಟಿಗೆ ಪುಡಿಗಳಲ್ಲಿ ವರ್ಷವರ್ಷ ಉಜ್ಜಿಸಿಕೊಂಡ ಪಾತ್ರೆಯ ಮೇಲೆ ಉಳಿದಿರುವ ಅಕ್ಷರವೇ ಅರ್ಧ. ಉಳಿದರ್ಧ ಇನ್ನೊಂದು ಉಜ್ಜಿಗೆ ಹೋಗಬಹುದು. ಒಣಬಟ್ಟೆಯಿಂದ ಧೂಳು ಒರೆಸಿ, ಅಷ್ಟು ಸಾಕು. ಪೂಜೆಗೆ ಹೊಳೆಯಲೇಬೇಕೆಂದರೆ ಫೋಟೋ ಆದ ಮೇಲೆ ತೊಳೆಯಬಹುದು.

ಇದೇ ಮಾತು ಬೇರೆ ವಸ್ತುಗಳಿಗೂ ಸಲ್ಲುತ್ತದೆ. ಓಲೆಗರಿಯ ಕಟ್ಟಿಗೆ ಎಣ್ಣೆ ಹಚ್ಚಲು ಹೋಗಬೇಡಿ, ಅದು ತಿಳಿದವರ ಕೈಯ ಕೆಲಸ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಹಳೆಯ ಫೋಟೋವನ್ನು ಕೀಳಲು ಹೋದರೆ ಮುಖವೇ ಗಾಜಿನ ಜತೆ ಬರುತ್ತದೆ. ಗಾಜಿನ ಸಮೇತವೇ ಅದರ ಫೋಟೋ ತೆಗೆಯಿರಿ. ಎದುರಿಗೆ ಯಾರಾದರೊಬ್ಬರು ಕಪ್ಪು ಕಂಬಳಿ ಹಿಡಿದು ನಿಂತರೆ ಗಾಜಿನ ಪ್ರತಿಫಲನ ಹೋಗುತ್ತದೆ.

ಬೆಳಕು ಹಿಡಿಯುವ ಬಗೆ

ಫೋನಿನ ಫ್ಲ್ಯಾಶನ್ನು ಮರೆತುಬಿಡಿ. ಹೊಳೆಯುವ ಲೋಹಕ್ಕೆ ಫ್ಲ್ಯಾಶ್ ಬಿದ್ದರೆ ನಡುವೆ ಒಂದು ಬಿಳಿ ಮಚ್ಚೆ, ಸುತ್ತ ಕತ್ತಲೆ. ಬೆಳಗಿನ ಒಂಬತ್ತು ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಇಲ್ಲವೇ ಜಗಲಿಯ ನೆರಳಿನಲ್ಲಿ ವಸ್ತುವನ್ನಿಡಿ. ಕೆಳಗೆ, ಹಿಂದೆ ಒಂದೇ ಬಣ್ಣದ ಬಟ್ಟೆ ಹಾಸಿ. ಬೂದುಬಣ್ಣದ ಶಾಲು ಅತ್ಯುತ್ತಮ, ಹೂವಿನ ಬೆಡ್‌ಶೀಟ್ ಬೇಡ. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳಿನ ಭಾಗವೂ ತೆರೆದುಕೊಳ್ಳುತ್ತದೆ. ಹಿತ್ತಾಳೆಯ ಉಬ್ಬಿದ ಮೈಯಲ್ಲಿ ನಿಮ್ಮ ಅಂಗಿಯ ಬಣ್ಣವೂ ಫೋನಿನ ನೆರಳೂ ಕಾಣುತ್ತವೆ. ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿ ಬೆಳಕನ್ನು ಸೋಸಿ, ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ತಂಬಿಗೆಯ ಹೊಟ್ಟೆ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಅಂದಗಾಣಿಸುವ ಫಿಲ್ಟರು, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಎರಡನ್ನೂ ಆಫ್ ಮಾಡಿ.

ಒಂದು ಪಾತ್ರೆಗೆ ಒಂದು ಫೋಟೋ ಸಾಲದು. ನಾಲ್ಕು ಬದಿ, ಬಾಯಿ, ಒಳಗು, ತಳ ಎಲ್ಲವೂ ಬೇಕು. ತಳದಲ್ಲೇ ತೂಕ, ಅಂಗಡಿಯ ಗುರುತು, ತೇಪೆ ಇರುವುದು. ಬೆಸುಗೆಯ ಗೆರೆಯನ್ನೂ ಒಳಗಿನ ಕಲಾಯಿಯನ್ನೂ ಬಿಡಬೇಡಿ. ಪ್ರತಿ ಫೋಟೋದಲ್ಲೂ ಮಕ್ಕಳ ಜ್ಯಾಮಿಟ್ರಿ ಪೆಟ್ಟಿಗೆಯ ಸ್ಕೇಲು ಪಕ್ಕದಲ್ಲಿರಲಿ, ಅಳತೆ ಗೊತ್ತಾಗಬೇಕು. ಕೊನೆಗೆ ಒಂದು ಫೋಟೋವನ್ನು ಮನೆಯ ಹಿರಿಯರ ಕೈಯಲ್ಲಿ ವಸ್ತು ಇರುವ ಹಾಗೆ ತೆಗೆಯಿರಿ. ಅದು ಸಂಶೋಧನೆಗೆ ಬೇಕಿಲ್ಲದಿದ್ದರೂ ಮುಂದೆ ಮನೆಮಂದಿ ಎಲ್ಲರೂ ಹುಡುಕಿಕೊಂಡು ಬರುವುದು ಆ ಒಂದಕ್ಕೇ.

ಇನ್ನು ಅಕ್ಷರದ ಮಾತು. ಸವೆದ ಅಕ್ಷರ ಹಗಲು ಬೆಳಕಿನಲ್ಲಿ ಓದಲಿಕ್ಕಾಗುವುದಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಒಬ್ಬರು ಫೋನು ಹಿಡಿಯಿರಿ, ಇನ್ನೊಬ್ಬರು ಟಾರ್ಚನ್ನು ಪಾತ್ರೆಯ ಮೈಗೆ ಬಹುತೇಕ ತಾಗಿಸಿ, ಮೈಯುದ್ದಕ್ಕೆ ಬೆಳಕು ಹರಿಯುವ ಹಾಗೆ ಹಿಡಿಯಿರಿ. ಎದುರಿನಿಂದ ಬಿಟ್ಟ ಬೆಳಕಿಗೆ ಕಾಣದ ಚುಕ್ಕಿಗಳು ಅಡ್ಡ ಬೆಳಕಿಗೆ ಒಂದೊಂದೇ ನೆರಳು ಹೊತ್ತು ಎದ್ದು ನಿಲ್ಲುತ್ತವೆ. ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹಿಡಿದು ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ‘ರ’ ಎಂದು ಕಂಡದ್ದು ಇನ್ನೊಂದರಲ್ಲಿ ‘ಠ’ ಆಗುವುದುಂಟು. ಪರದೆಯ ಮೇಲೆ ಅಕ್ಷರವನ್ನು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, ಬೆಳಕಿನ ಪ್ರಮಾಣ ಸ್ವಲ್ಪ ತಗ್ಗಿಸಿ. ಶಾಸನ ಓದುವವರು ಕಲ್ಲಿನ ಮುಂದೆ ಮಾಡುವುದೂ ಇದನ್ನೇ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಲ್ಲಿ ದಾಖಲಿಸುತ್ತಿದೆ. ಕಣ್ಣಿಗೆ ಕಾಣದ ಸವೆದ ಅಕ್ಷರಗಳು ಅಲ್ಲಿ ಕಂಪ್ಯೂಟರಿನೊಳಗೆ ಬೀಳಿಸಿದ ಅಡ್ಡ ಬೆಳಕಿಗೆ ಓದಲು ಬಂದಿವೆ. ನಿಮ್ಮ ತಂಬಿಗೆಗೆ ಅಷ್ಟೆಲ್ಲ ಬೇಡ. ಟಾರ್ಚಿನಿಂದಲೂ ಆಗದಿದ್ದರೆ ತೆಳ್ಳನೆಯ ಕಾಗದವನ್ನು ಅಕ್ಷರದ ಮೇಲೆ ಬಿಗಿಯಾಗಿ ಹಿಡಿದು ಪೆನ್ಸಿಲಿನ ಸೀಸವನ್ನು ಮಲಗಿಸಿ ಮೆಲ್ಲಗೆ ಉಜ್ಜಿ, ಕಾಗದದ ಮೇಲೆ ಅಚ್ಚು ಬೀಳುತ್ತದೆ.

ಕಂಠದ ಮೇಲೆ ಬರೆದದ್ದು

ಪಾತ್ರೆಯ ಮೇಲೆ ಇರುವ ಹೆಸರು ಸಾಮಾನ್ಯವಾಗಿ ಕೊಟ್ಟವರದ್ದು, ಇಟ್ಟುಕೊಂಡವರದ್ದಲ್ಲ. ಇದನ್ನು ಮರೆತರೆ ಮುಂದಿನ ಹುಡುಕಾಟವೆಲ್ಲ ತಪ್ಪು ಮನೆಯ ಬಾಗಿಲಿಗೆ ಹೋಗುತ್ತದೆ. ಹೆಣ್ಣುಮಕ್ಕಳ ಮದುವೆಗೆ ತವರಿನವರು, ಸೋದರಮಾವಂದಿರು, ಊರವರು ಕೊಟ್ಟ ಪಾತ್ರೆಗಳು ಬಳುವಳಿಯಾಗಿ ಗಂಡನ ಮನೆ ಸೇರಿದವು. ಅಲ್ಲಿಂದ ಆಕೆಯ ಮಗಳಿಗೋ ಸೊಸೆಗೋ ಹೋದವು. ಕೊರೆದದ್ದು ಗಂಡಸರ ಹೆಸರು, ವಸ್ತು ನಡೆದದ್ದು ಹೆಂಗಸರ ದಾರಿಯಲ್ಲಿ. ನಮ್ಮ ವಂಶವೃಕ್ಷಗಳೆಲ್ಲ ಅಪ್ಪ, ಅಜ್ಜ, ಮುತ್ತಜ್ಜ ಎಂದು ನೇರಗೆರೆ ಎಳೆಯುತ್ತವೆ. ಹಂಡೆಯ ಜಾಡು ಹಿಡಿಯಬೇಕಾದರೆ ಅಜ್ಜಿಯ ತವರು, ಆ ಅಜ್ಜಿಯ ಅಮ್ಮನ ತವರು ಎಂದು ಅಡ್ಡಡ್ಡ ಹೋಗಬೇಕು. ‘ಬಿನ್’ ಎಂದಿದ್ದರೆ ಮುಂದಿನದು ತಂದೆಯ ಹೆಸರು, ‘ಕೋಂ’ ಎಂದಿದ್ದರೆ ಗಂಡನ ಹೆಸರು. ಪಹಣಿಯಲ್ಲಿ ಈಗಲೂ ಹಾಗೇ ಬರೆಯುತ್ತಾರೆ. ಪಟೇಲ, ಶಾನುಭೋಗ, ಶೇಕ್‌ದಾರ ಎಂಬ ಹುದ್ದೆ ಹೆಸರಿನ ಮುಂದಿದ್ದರೆ ಅದು ದೊಡ್ಡ ಸುಳಿವು, ಸರ್ಕಾರಿ ಕಾಗದದಲ್ಲಿ ಆ ವ್ಯಕ್ತಿ ಸಿಗುವ ಸಂಭವ ಹೆಚ್ಚು.

ಅಕ್ಷರ ಕೊರೆಯುವವನು ಪಂಡಿತನಲ್ಲ. ಒತ್ತಕ್ಷರ ಬಿಡುತ್ತಾನೆ, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲು ಮಾಡುತ್ತಾನೆ, ಜಾಗ ಸಾಲದೆ ಊರಿನ ಹೆಸರನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ನೀವು ತಿದ್ದಬೇಡಿ. ಇದ್ದದ್ದನ್ನು ಇದ್ದ ಹಾಗೆ ಒಂದು ಸಾಲಿನಲ್ಲಿ, ನಿಮ್ಮ ಊಹೆಯನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಅಂಕಿಗಳಲ್ಲಿ ೨ ಮತ್ತು ೩, ೬ ಮತ್ತು ೯ ಚುಕ್ಕಿ ಬರಹದಲ್ಲಿ ಒಂದರಂತೆ ಒಂದು ಕಾಣುತ್ತವೆ. ಎರಡು ಸಾಧ್ಯತೆ ಇದ್ದರೆ ಎರಡನ್ನೂ ಗುರುತು ಹಾಕಿಕೊಳ್ಳಿ.

ತಾರೀಖಿನ ಲೆಕ್ಕಕ್ಕೆ ಬರೋಣ. ತಂಬಿಗೆಯ ಕೊರಳಲ್ಲಿ ‘ದುರ್ಮುಖಿ ಸಂ|| ಮಾಘ ಶು|| ೫’ ಎಂದಿದೆ ಎಂದುಕೊಳ್ಳಿ. ಸಂವತ್ಸರಗಳು ಅರವತ್ತು, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೊದಲನೆಯದಾದ ಪ್ರಭವ 1867, 1927, 1987ರ ಯುಗಾದಿಗಳಂದು ಶುರುವಾಯಿತು. ಅಲ್ಲಿಂದ ಎಣಿಸಿದರೆ ದುರ್ಮುಖಿ ಮೂವತ್ತನೆಯದು, ಅಂದರೆ 1896, 1956 ಅಥವಾ 2016. ಯುಗಾದಿಯಿಂದ ಯುಗಾದಿಗೆ ವರ್ಷವಾದ್ದರಿಂದ ಮಾಘ, ಫಾಲ್ಗುಣಗಳು ಮುಂದಿನ ಇಸವಿಗೆ ಬೀಳುತ್ತವೆ. ಆದ್ದರಿಂದ ಆ ತಂಬಿಗೆ 1897ರ ಫೆಬ್ರವರಿಯದು, ಇಲ್ಲವೇ 1957ರ ಫೆಬ್ರವರಿಯದು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಮಾಘ, ಫಾಲ್ಗುಣಗಳಾದರೆ 79, ಅಲ್ಲಿಗೆ ತಕರಾರು ಮುಗಿಯಿತು. ಕೊಡದಿದ್ದರೆ ಅರವತ್ತು ವರ್ಷದ ಅಂತರವನ್ನು ಬೇರೆ ಸಾಕ್ಷಿಗಳಿಂದ ತುಂಬಬೇಕು.

ಆ ಸಾಕ್ಷಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ತೂಕ. ಕೆಲವು ಪಾತ್ರೆಗಳ ತಳದಲ್ಲಿ ತೂಕ ಕೊರೆದಿರುತ್ತದೆ. ಕೆ.ಜಿ. ಎಂದಿದ್ದರೆ ಮೆಟ್ರಿಕ್ ತೂಕ ಬಂದ ಮೇಲಿನದು. ದೇಶದಲ್ಲಿ ಅದು ಹಂತಹಂತವಾಗಿ ಜಾರಿಯಾಗತೊಡಗಿದ್ದು 1958ರ ಅಕ್ಟೋಬರಿನಿಂದ. ಸೇರು ಎಂದಿದ್ದರೆ ಹಳೆಯದಿರಬಹುದು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ತೊಲವೆಂದರೆ ಒಂದು ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಅಲ್ಲಿಗೆ ಸೇರೆಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, 933 ಗ್ರಾಂ. ‘೧೦ ಸೇರು’ ಎಂದು ಕೊರೆದ ಪಾತ್ರೆಯನ್ನು ಇಂದು ಎಲೆಕ್ಟ್ರಾನಿಕ್ ತಕ್ಕಡಿಗಿಟ್ಟಾಗ ಎರಡೂವರೆ ಕಿಲೋ ಚಿಲ್ಲರೆ ಬಂದರೆ ಅದು ಕಚ್ಚಾ ಸೇರು. ಉಳಿದ ಇನ್ನೂರು ಮುನ್ನೂರು ಗ್ರಾಂ ಎಲ್ಲಿ ಹೋಯಿತೆಂದು ಕೇಳಬೇಡಿ, ಅಷ್ಟನ್ನೂ ಮನೆಯ ಹೆಂಗಸರು ಉಜ್ಜಿ ತೆಗೆದಿದ್ದಾರೆ.

ಪಾತ್ರೆ ಎಲ್ಲಿಯದು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಉತ್ತರ ಹತ್ತಿರದಲ್ಲೇ ಇದೆ. ಶ್ರವಣಬೆಳಗೊಳ ಹಿಂದೆ ಹಿತ್ತಾಳೆ ಪಾತ್ರೆಗಳ ತಯಾರಿಕೆಗೆ ಹೆಸರಾಗಿತ್ತು. ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಗುರುತಿಸಿದ್ದಾರೆ. ಹಾಗೆಂದು ಸಿಕ್ಕಿದ್ದೆಲ್ಲ ಬೆಳಗೊಳದ್ದೆಂದು ಬರೆದುಕೊಳ್ಳಬೇಡಿ. ಮನೆಯವರು ಹಾಗೆನ್ನುತ್ತಾರೆ ಎಂದಷ್ಟೇ ಬರೆಯಿರಿ.

ನಾಣ್ಯ, ಹುಲಿಯುಗುರು, ಗಡಿಯಾರ

ಕಾಸಿನ ಸರ, ರೂಪಾಯಿ ಸರ ಇದ್ದವರಿಗೆ ಕೆಲಸ ಸುಲಭವೆನಿಸುತ್ತದೆ, ನಾಣ್ಯದ ಮೇಲೆ ಇಸವಿಯೇ ಇದೆಯಲ್ಲ! ಆದರೆ ನಾಣ್ಯದ ಇಸವಿ ಸರದ ಇಸವಿಯಲ್ಲ. ಸರದಲ್ಲಿರುವ ನಾಣ್ಯಗಳಲ್ಲಿ ತೀರ ಈಚಿನದು ಯಾವುದೋ ಆ ವರ್ಷಕ್ಕಿಂತ ಮೊದಲು ಸರ ಆಗಿರಲಾರದು ಎಂದಷ್ಟೇ ಹೇಳಬಹುದು. ಅದಕ್ಕೂ ಮೊದಲು ಕೊಂಡಿ ಬದಲಾಗಿದೆಯೇ, ಒಂದೆರಡು ನಾಣ್ಯ ಆಮೇಲೆ ಸೇರಿಸಿದ್ದೇ ಎಂದು ಬೆಸುಗೆ ನೋಡಿ ತಿಳಿಯಬೇಕು. 1862ರ ವಿಕ್ಟೋರಿಯಾ ರೂಪಾಯಿ ನಮ್ಮ ಕಡೆಯ ಮನೆಗಳಲ್ಲಿ ಧಾರಾಳ. ಆ ಇಸವಿಯನ್ನು ಬದಲಿಸದೆಯೇ 1874ರವರೆಗೂ ಟಂಕಿಸಿದರು. ವರ್ಷದ ಗುರುತೆಂದು ಸಣ್ಣ ಚುಕ್ಕಿಗಳನ್ನಷ್ಟೇ ಹಾಕಿದರು. ‘ಕ್ವೀನ್’ ಎಂದಿದ್ದದ್ದು ‘ಎಂಪ್ರೆಸ್’ ಆದದ್ದು 1877ರಿಂದ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗದ್ದಲವಾಗಿ ಮರುವರ್ಷ ಆನೆಯನ್ನು ತಿದ್ದಿದರು. ಭೂತಗನ್ನಡಿ ಹಿಡಿದು ಮಕ್ಕಳಿಗೆ ತೋರಿಸಿ, ಅವರೂ ನಿಮ್ಮ ಜತೆ ಕೂರುತ್ತಾರೆ. 1940ರ ಹೊತ್ತಿಗೆ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ಪೂರ್ತಿ ನಿಕ್ಕಲ್ ಆಯಿತು. ಅಂದಹಾಗೆ ಹಳೆಯ ಒಡವೆಗೆ ಹಾಲ್‌ಮಾರ್ಕ್ ಇಲ್ಲವೆಂದು ಯಾರಾದರೂ ಮೂಗು ಮುರಿದರೆ, ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಶುರುವಾದದ್ದೇ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಎಂದು ಹೇಳಿ.

ಗಡಿಯಾರ, ಹೊಲಿಗೆ ಯಂತ್ರ, ರೇಡಿಯೋಗಳಲ್ಲಿ ತಯಾರಕರ ಹೆಸರೂ ಕ್ರಮಸಂಖ್ಯೆಯೂ ಇರುತ್ತವೆ. ಸಿಂಗರ್ ಯಂತ್ರದ ಸಂಖ್ಯೆಯಿಂದ ಅದು ತಯಾರಾದ ವರ್ಷ ತಿಳಿಯುವ ಪಟ್ಟಿಗಳು ಇಂಟರ್‌ನೆಟ್ಟಿನಲ್ಲಿವೆ. ಎಚ್‌ಎಂಟಿ ಕೈಗಡಿಯಾರ 1961ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ, ಬೆಂಗಳೂರಿನ ಕಾರ್ಖಾನೆ ಶುರುವಾದದ್ದೇ ಆಗ. ಸೈನ್ಯದ ಪದಕವಿದ್ದರೆ ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಕೆತ್ತಿರುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ದಳದವರ ಸಂತತಿ ಹಳೇ ಮೈಸೂರಿನಲ್ಲಿ ಈಗಲೂ ಇದೆ. ಪೆಟ್ಟಿಗೆಯ ತಳದಲ್ಲಿ ಬಿದ್ದ ಮಸುಕು ಬಿಲ್ಲೆಯನ್ನು ಆಟದ ಸಾಮಾನೆಂದು ಎಸೆಯಬೇಡಿ. ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷ, 1972ರಲ್ಲಿ, ಹೋರಾಟಗಾರರಿಗೆ ಕೊಟ್ಟ ತಾಮ್ರಪತ್ರದಲ್ಲಿ ಹೆಸರೇ ಇರುತ್ತದೆ, ಓದಲು ಟಾರ್ಚೂ ಬೇಡ.

ಗೋಡೆಯ ಮೇಲಿನ ಹಳೆಯ ಫೋಟೋ ಆದರೆ ಚೌಕಟ್ಟಿನ ಹಿಂಬದಿ ನೋಡಿ. ಕಟ್ಟು ಹಾಕಿದವರು ರಟ್ಟಿನ ಹಿಂದೆ ಹಳೆಯ ವೃತ್ತಪತ್ರಿಕೆ ಅಂಟಿಸುತ್ತಿದ್ದರು. ಅದರಲ್ಲಿ ತಾರೀಖು ಸಿಕ್ಕಿದರೆ ಕಟ್ಟು ಹಾಕಿಸಿದ್ದು ಆ ದಿನದ ನಂತರ ಎಂದಾಯಿತು. ಫೋಟೋದ ಮೂಲೆಯಲ್ಲಿ ಸ್ಟುಡಿಯೋದ ಹೆಸರು ಉಬ್ಬಚ್ಚಾಗಿ ಬಿದ್ದಿರುತ್ತದೆ, ಅದಕ್ಕೂ ಅಡ್ಡ ಬೆಳಕೇ ಮದ್ದು.

ಇನ್ನು ಎಚ್ಚರಿಕೆಯ ಮಾತು. ಹುಲಿಯುಗುರಿನ ಪದಕ, ಆನೆದಂತದ ಗೊಂಬೆ, ಜಿಂಕೆಯ ಕೊಂಬು ನಮ್ಮ ಮಲೆನಾಡ ಸೆರಗಿನ ಮನೆಗಳಲ್ಲಿ ಅಪರೂಪವಲ್ಲ. ಅಜ್ಜ ಕೊಟ್ಟದ್ದು ಎಂಬ ಸಮಜಾಯಿಷಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಬೇಕು. 2023ರ ಅಕ್ಟೋಬರಿನಲ್ಲಿ ಕನ್ನಡದ ಟಿವಿ ರಿಯಾಲಿಟಿ ಷೋ ಸ್ಪರ್ಧಿಯೊಬ್ಬರ ಬಂಧನವಾದಾಗ ರಾಜ್ಯದಲ್ಲಿ ಎಷ್ಟು ಕೊರಳುಗಳಿಂದ ಉಗುರು ಮಾಯವಾಯಿತೋ! ಅಂಥದ್ದು ಮನೆಯಲ್ಲಿದ್ದರೆ ಫೋಟೋ ತೆಗೆದು ವಾಟ್ಸ್‌ಆ್ಯಪಿಗೆ ಹಾಕುವ ಮೊದಲು ವಕೀಲರನ್ನೋ ಅರಣ್ಯ ಇಲಾಖೆಯನ್ನೋ ಕಾಣಿ. ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ನಾಣ್ಯ, ವಿಗ್ರಹಗಳು ‘ಮನೆತನದ್ದು’ ಆಗುವುದಿಲ್ಲ, ಅದಕ್ಕೆ ನಿಧಿ ಕಾಯ್ದೆಯೇ ಬೇರೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಲೋಹದ, ಕಲ್ಲಿನ ವಿಗ್ರಹಗಳಂಥವನ್ನು ನೋಂದಾಯಿಸಬೇಕು. ಅಂಥ ಹಳೆಯ ವಸ್ತುವನ್ನು ಸೂಟ್‌ಕೇಸಿನಲ್ಲಿಟ್ಟು ಅಮೆರಿಕಕ್ಕೆ ಒಯ್ಯುವ ಹಾಗಿಲ್ಲ. ನಿಮ್ಮದು ಅಷ್ಟು ಹಳೆಯದಲ್ಲವೆಂದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತುವಲ್ಲ ಎಂಬ ಪತ್ರ ಮಾಡಿಸಿಕೊಂಡು ಹೊರಡಿ.

ಕೇಳುವುದೂ ಒಂದು ಕಲೆ

ವಸ್ತುವಿನ ಫೋಟೋಗಳಾದ ಮೇಲೆ ಮನೆಯ ಹಿರಿಯರ ಬಳಿ ಹೋಗಿ. ಫೋಟೋ ತೋರಿಸುವುದಕ್ಕಿಂತ ವಸ್ತುವನ್ನೇ ಅವರ ಕೈಗೆ ಕೊಡಿ. ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆಂದು ಮೊದಲೇ ಹೇಳಿ. ‘ಇದು ಎಷ್ಟು ಹಳೆಯದು?’ ಎಂದು ಕೇಳಿದರೆ ಕೆಟ್ಟಿರಿ. ತಾತನಿಗಿಂತ ಹಳೆಯದೆಲ್ಲ ನಮ್ಮಲ್ಲಿ ಪಾಳೇಗಾರರ ಕಾಲದ್ದು ಅಥವಾ ಟಿಪ್ಪುವಿನ ಕಾಲದ್ದು, ನಡುವೆ ಕಾಲವೇ ಇಲ್ಲ. ಬದಲಿಗೆ ಸಣ್ಣ ಸಣ್ಣದು ಕೇಳಿ. ನೀವು ಮದುವೆಯಾಗಿ ಬಂದಾಗ ಇದು ಮನೆಯಲ್ಲಿತ್ತಾ? ಎಲ್ಲಿ ಇಡುತ್ತಿದ್ದರು? ಇದರಲ್ಲಿ ಏನು ಬೇಯಿಸುತ್ತಿದ್ದರು, ಎಷ್ಟು ಜನಕ್ಕೆ? ಯಾರು ಇದನ್ನು ಮುಟ್ಟಬಾರದು ಎನ್ನುತ್ತಿದ್ದರು? ಯಾರಿಗೆ ಎರವಲು ಕೊಟ್ಟು ಜಗಳವಾಯಿತು? ಜಗಳಗಳು ಬಹಳ ಉಪಯುಕ್ತ, ಏಕೆಂದರೆ ಅವುಗಳ ವರ್ಷ ಯಾರೂ ಮರೆತಿರುವುದಿಲ್ಲ. ‘ಹೇಮಾವತಿ ಕಟ್ಟೆ ಕಟ್ಟುವ ಮೊದಲು’, ‘ಇಂದಿರಾಗಾಂಧಿ ಸತ್ತ ವರ್ಷ’, ‘ಬೆಳಗೊಳದ ಸಾವಿರ ವರ್ಷದ ಅಭಿಷೇಕದಲ್ಲಿ’ ಎಂಬಂಥ ಉತ್ತರ ಬಂದರೆ ಅದು ಚಿನ್ನ. ಕೊನೆಯದು 1981, ಇಂದಿರಾ 1984.

ಒಬ್ಬರನ್ನು ಕೇಳಿ ನಿಲ್ಲಿಸಬೇಡಿ. ಅಕ್ಕತಂಗಿಯರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರ ಮಾತೂ ಕೂಡಿದ ಕಡೆ ಗಟ್ಟಿ, ಕೂಡದ ಕಡೆ ಎರಡನ್ನೂ ಬರೆದುಕೊಳ್ಳಿ.

ಮಾತಿನ ಜತೆ ಹೊಂದಿಸಲು ಕಾಗದ ಬೇಕು, ಅದೂ ಮನೆಯಲ್ಲೇ ಇರುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಏನು ಮುಯ್ಯಿ ಮಾಡಿದರು ಎಂದು ಚಪ್ಪರದಡಿ ಕೂತು ಬರೆದ ಆ ಉದ್ದನೆಯ ನೋಟು ಪುಸ್ತಕದಲ್ಲಿ ‘ಹಿತ್ತಾಳೆ ಕೊಳಗ 1’, ‘ತಾಮ್ರದ ಚೊಂಬು 1’ ಎಂಬ ಸಾಲುಗಳ ಎದುರು ಊರು, ಹೆಸರು ಎರಡೂ ಇರುತ್ತವೆ. ಪಾತ್ರೆಯ ಕಂಠದ ಹೆಸರನ್ನು ಈ ಪಟ್ಟಿಯಲ್ಲಿ ಹುಡುಕಿ. ಸಿಕ್ಕಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ ಕರ್ನಾಟಕದ ಗ್ರಾಮೀಣ ಚರಿತ್ರೆಗೆ ಮುಯ್ಯಿ ಪುಸ್ತಕಗಳಷ್ಟು ಒಳ್ಳೆಯ ಆಕರ ಇನ್ನೊಂದಿಲ್ಲ, ಅವುಗಳಷ್ಟು ಸಲೀಸಾಗಿ ಬಚ್ಚಲೊಲೆಗೆ ಹೋಗುವುದೂ ಇನ್ನೊಂದಿಲ್ಲ. ಹಳೆಯ ಒಂಟಿಕೊಪ್ಪಲ್ ಪಂಚಾಂಗಗಳಿದ್ದರೆ ಅಂಚು ನೋಡಿ, ಹುಟ್ಟು, ಸಾವು, ಕರು ಹಾಕಿದ್ದು, ಬಾವಿ ತೋಡಿದ್ದು ಎಲ್ಲವನ್ನೂ ಹಿಂದಿನವರು ಅಲ್ಲೇ ಗುರುತು ಮಾಡುತ್ತಿದ್ದರು. ಲಗ್ನಪತ್ರಿಕೆ, ಕ್ರಯಪತ್ರ, ಪಾಲುಪಟ್ಟಿಗಳ ಫೋಟೋ ತೆಗೆದಿಡಿ. ಹಳೆಯ ಪಾಲುಪಟ್ಟಿಗಳಲ್ಲಿ ಪಾತ್ರೆಪಡಗದ ಪಟ್ಟಿಯೂ ಇರುವುದುಂಟು. ನಿಮ್ಮ ಮನೆತನಕ್ಕೆ ಹೆಳವರು ಬರುವ ರೂಢಿಯಿದ್ದರೆ, ಅವರು ವಂಶ ಹೊಗಳುವಾಗ ಕೂತು ಕೇಳಿ, ರೆಕಾರ್ಡ್ ಮಾಡಿ. ಅವರಿಗೆ ಸಲ್ಲಬೇಕಾದ ಕಾಳು, ಕಾಸು ಕೊಟ್ಟೇ ಕೇಳಿ. ಹರಿದ್ವಾರದ ಪಂಡರು ತಲೆಮಾರುಗಳಿಂದ ಬರೆದಿಟ್ಟ ವಂಶಾವಳಿ ಪುಸ್ತಕಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯವರು ಬಂದು ಮೈಕ್ರೋಫಿಲ್ಮ್ ಮಾಡಿಕೊಂಡು ಹೋದರು. ನಮ್ಮ ಹೆಳವರ ಬಾಯಲ್ಲಿರುವುದಕ್ಕೆ ಮನೆಯವರೇ ಫೋನು ಹಿಡಿಯಬೇಕು.

ಮನೆಯಾಚೆಗೆ

ಊರಿನ ಮಟ್ಟಕ್ಕೆ ಹೋಗಬೇಕೆಂದರೆ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ, 1902ರದ್ದು, ಹಾಸನ ಜಿಲ್ಲೆಯದೇ. ತಾಲ್ಲೂಕುವಾರು ಶಾಸನಗಳಿವೆ, ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಕಲ್ಲಿನ ಶಾಸನಗಳಷ್ಟೇ ಅದರಲ್ಲಿವೆ ಎಂದು ತಿಳಿಯಬೇಡಿ. ತಾಮ್ರಶಾಸನಗಳು ಯಾರ ವಶದಲ್ಲಿದ್ದವು ಎಂಬುದನ್ನೂ ಆ ಸಂಪುಟಗಳು ಹೇಳುತ್ತವೆ. ಮುತ್ತಜ್ಜನ ಹೆಸರು ಅಲ್ಲಿ ಸಿಗುವ ಸಾಧ್ಯತೆ ಕಡಿಮೆ, ಆದರೂ ನಿಮ್ಮ ಊರಿನ ಹೆಸರಿನ ಹಳೆಯ ರೂಪ ಸಿಗಬಹುದು. 1971ರ ಹಾಸನ ಜಿಲ್ಲಾ ಗೆಜೆಟಿಯರ್ ಇನ್ನೊಂದು. ಇನಾಮು, ಪಟೇಲಿಕೆ, ಸರ್ಕಾರಿ ನೌಕರಿಯ ಜಾಡಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಬರೆಯಿರಿ, ಹಳೇ ಮೈಸೂರು ಸಂಸ್ಥಾನದ ಕಡತಗಳು ಅಲ್ಲಿವೆ. ಓಲೆಗರಿ ಇದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಸಿಕ್ಕಿದ್ದು ಅಲ್ಲೇ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿ ಜಗತ್ತಿಗೆ ತಿಳಿಸಿದರು. ಆ ಪ್ರತಿಯನ್ನು ಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದು ಅವರ ಪೀಠಿಕೆಯಿಂದ ತಿಳಿಯುತ್ತದೆ, ಪಂಡಿತರ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿಲ್ಲ. ಅಷ್ಟು ದೊಡ್ಡ ಗ್ರಂಥದ್ದೇ ಆ ಕಥೆ.

ಆದ್ದರಿಂದ ವಸ್ತುವನ್ನು ಸಂಗ್ರಹಾಲಯಕ್ಕೆ ಕೊಡುವುದಾದರೆ, ಅದು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಗಲಿ ರಾಮನಗರದ ಜಾನಪದ ಲೋಕವಾಗಲಿ, ಕೊಟ್ಟವರ ಹೆಸರು, ಊರು, ತಾರೀಖು, ದಾಖಲೆ ಸಂಖ್ಯೆ ಇರುವ ಪತ್ರ ಪಡೆಯಿರಿ. ನಿಮ್ಮ ಬಳಿಯಿರುವ ಫೋಟೋಗಳನ್ನೂ ಟಿಪ್ಪಣಿಯನ್ನೂ ಜತೆಗೇ ಕೊಡಿ. ಬರೀ ಹಂಡೆ ಅವರಿಗೂ ಭಾರವೇ.

ಫೋಟೋಗಳನ್ನು ಫೋನಿನಲ್ಲೇ ಬಿಟ್ಟರೆ ಫೋನಿನ ಜತೆ ಹೋಗುತ್ತವೆ. ಒಂದು ಪೆನ್‌ಡ್ರೈವ್, ಒಂದು ಇಂಟರ್‌ನೆಟ್ ಸಂಗ್ರಹ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ನೆಂಟರ ಬಳಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಚಿತ್ರವಾಗಿ ಕಳಿಸಬೇಡಿ, ಅದು ಕುಗ್ಗಿಸುತ್ತದೆ. ಡಾಕ್ಯುಮೆಂಟಾಗಿ ಕಳಿಸಿ. ಕಡತಕ್ಕೆ ‘ಐಎಂಜಿ’ ಎಂದು ಬಿಡದೆ ವಸ್ತು, ಊರು, ವರ್ಷ ಸೇರಿಸಿ ಹೆಸರಿಡಿ.

ಕೊನೆಗೆ ಒಂದೇ ಒಂದು ಹಾಳೆ. ವಸ್ತು ಏನು, ಅಳತೆ ತೂಕ ಎಷ್ಟು, ಮೇಲೆ ಏನು ಕೊರೆದಿದೆ, ಯಾರು ಏನು ಹೇಳಿದರು, ಯಾವ ಕಾಗದದಲ್ಲಿ ಏನಿದೆ, ಯಾವುದು ಖಚಿತ, ಯಾವುದು ಊಹೆ, ಬರೆದವರು ಯಾರು, ತಾರೀಖು ಯಾವುದು. ಬಾಲ್‌ಪೆನ್ನಿನಲ್ಲಿ ಅಲ್ಲ, ಪೆನ್ಸಿಲಿನಲ್ಲೋ ಒಳ್ಳೆಯ ಇಂಕಿನಲ್ಲೋ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಪಾತ್ರೆಯೊಳಗೆ ಹಾಕಿ. ಇನ್ನೊಂದನ್ನು ಜಮೀನಿನ ಪತ್ರಗಳ ಫೈಲಿನಲ್ಲಿಡಿ, ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ತೆರೆದು ಓದುವ ಫೈಲು ಅದೊಂದೇ.